ಪೇಟೆ ಸಾಲದು, ಮಹಾನಗರವೇ ಬೇಕು: ಕಾಸರಗೋಡಿನ ಮನೆಗಳಿಗೆ ಒಂದು ಲೆಕ್ಕ

ಪ್ಲಸ್ ಟು, ಡಿಗ್ರಿ ಫಲಿತಾಂಶಗಳು ಬರುವ ಹೊತ್ತಿಗೆ ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯ ಮನೆಗಳಲ್ಲಿ ಒಂದೇ ಚರ್ಚೆ. ಬೆಂಗಳೂರಿಗೆ ಹೋಗುವುದೋ, ಮಂಗಳೂರು ಸಾಕೋ, ಊರಲ್ಲೇ ನಿಲ್ಲುವುದೋ? ಮಕ್ಕಳಿಗೆ ದೊಡ್ಡ ನಗರವೇ ಬೇಕು. ಮನೆಯಲ್ಲಿ ಬಾವಿಯ ನೀರು, ಸ್ವಂತ ಸೂರು, ತೋಟದ ತೆಂಗಿನಕಾಯಿ ಎಲ್ಲ ಇರುವಾಗ ಬಾಡಿಗೆ ಕೋಣೆಯಲ್ಲಿ ಇರುವ ಹಟ ಏಕೆಂದು ಹಿರಿಯರಿಗೆ ಅರ್ಥವಾಗುವುದಿಲ್ಲ. ಈ ಆಸೆಯ ಹಿಂದೆ ಸ್ಪಷ್ಟವಾದ ಆರ್ಥಿಕ ಕಾರಣಗಳಿವೆ. ಅದಕ್ಕೆ ತೆರಬೇಕಾದ ಬೆಲೆಯೂ ಅಷ್ಟೇ ಸ್ಪಷ್ಟ. ರಾಜ್ಯದ ಗಡಿಯನ್ನೂ ದಾಟಬೇಕಾದ ಕಾಸರಗೋಡಿನವರಿಗೆ ಹಾಸನದವರಿಗೋ ತುಮಕೂರಿನವರಿಗೋ ಇಲ್ಲದ ಕಾಗದಪತ್ರದ ಕೆಲಸವೂ ಸೇರಿಕೊಳ್ಳುತ್ತದೆ.

ಪೇಟೆ, ನಗರ, ಮಹಾನಗರ

ಜನಗಣತಿಯ ಪ್ರಕಾರ ನಗರಸಭೆ, ಪಾಲಿಕೆಗಳು ಇರುವ ಊರೆಲ್ಲ ನಗರ ಪ್ರದೇಶ. ಪಂಚಾಯತ್ ಆಡಳಿತ ಇದ್ದರೂ ಮೂರು ಗುಣಗಳಿದ್ದರೆ ಅದನ್ನು ‘ಜನಗಣತಿ ಪಟ್ಟಣ’ ಎನ್ನುತ್ತಾರೆ: ಜನಸಂಖ್ಯೆ ಕನಿಷ್ಠ 5,000, ಚದರ ಕಿಲೋಮೀಟರಿಗೆ ಕನಿಷ್ಠ 400 ಜನ, ದುಡಿಯುವ ಗಂಡಸರಲ್ಲಿ ಕನಿಷ್ಠ ಶೇ. 75 ಮಂದಿಗೆ ಕೃಷಿಯಲ್ಲದ ಕೆಲಸ. ಕೇರಳದಲ್ಲಿ ಇಂಥ ಪಟ್ಟಣಗಳು ಬಹಳ. ಆದ್ದರಿಂದ ಇಲ್ಲಿ ಹಳ್ಳಿಗೂ ಪೇಟೆಗೂ ನಡುವಿನ ಗೆರೆ ಕಣ್ಣಿಗೆ ಕಾಣುವುದಿಲ್ಲ.

ವ್ಯತ್ಯಾಸ ಕಾಣುವುದು ಗಾತ್ರದಲ್ಲಿ. 2011ರ ಜನಗಣತಿಯಂತೆ ಕಾಸರಗೋಡು ನಗರಸಭೆಯ ಜನಸಂಖ್ಯೆ ಸುಮಾರು 54 ಸಾವಿರ, ಮಂಗಳೂರು ನಗರದ್ದು ಸುಮಾರು 4.9 ಲಕ್ಷ, ಬೆಂಗಳೂರಿನದು ಸುಮಾರು 84 ಲಕ್ಷ. ಮಂಗಳೂರು ಕಾಸರಗೋಡಿನ ಒಂಬತ್ತು ಪಟ್ಟು, ಬೆಂಗಳೂರು ಮಂಗಳೂರಿನ ಹದಿನೇಳು ಪಟ್ಟು. ಆ ಮೇಲೆ ಬೆಂಗಳೂರು ಇನ್ನಷ್ಟು ಬೆಳೆದಿದೆ. ಮುಂದಿನ ಎಲ್ಲ ಮಾತುಗಳಿಗೂ ಈ ಗಾತ್ರವೇ ಬುಡ.

ದೊಡ್ಡ ಊರಲ್ಲಿ ಸಂಬಳ ಏಕೆ ಹೆಚ್ಚು?

ಅಡಿಕೆ ಮಾರುವವರಿಗೆ ಇದು ಬೇಗ ತಿಳಿಯುತ್ತದೆ. ಹತ್ತಿರದಲ್ಲಿ ಒಬ್ಬನೇ ವ್ಯಾಪಾರಿ ಇದ್ದರೆ ಅವನು ಹೇಳಿದ್ದೇ ರೇಟು. ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ಶಾಖೆಯ ಜತೆಗೆ ನಾಲ್ಕು ಮಂಡಿಗಳಿದ್ದರೆ ಒಂದು ಕಡೆ ಸರಿಬಾರದಿದ್ದರೆ ಇನ್ನೊಂದು ಕಡೆಗೆ ಒಯ್ಯಬಹುದು. ಪಟೋರ, ಕರಿಗೋಟು ಎಂಬ ಬೇರೆ ಬೇರೆ ದರ್ಜೆಯ ಅಡಿಕೆಗೂ ಬೇರೆ ಬೇರೆ ಗಿರಾಕಿ ಸಿಗುತ್ತಾರೆ. ದುಡಿಯುವವರ ವಿದ್ಯೆಗೂ ಇದೇ ನಿಯಮ. ಕಟ್ಟಡ ವಿನ್ಯಾಸದ ಎಂಜಿನಿಯರಿಗೆ ಸಣ್ಣ ಪೇಟೆಯಲ್ಲಿ ಕೆಲಸ ಕೊಡಬಲ್ಲವರು ಬೆರಳೆಣಿಕೆ ಮಂದಿ, ಮಹಾನಗರದಲ್ಲಿ ನೂರಾರು. ಯಜಮಾನರು ಹೆಚ್ಚಿದಷ್ಟೂ ಸಂಬಳದ ಚೌಕಾಸಿಗೆ ಬಲ ಬರುತ್ತದೆ, ಕಲಿತದ್ದಕ್ಕೆ ಸರಿಹೊಂದುವ ಕೆಲಸ ಸಿಗುವ ಸಂಭವವೂ ಹೆಚ್ಚುತ್ತದೆ. ಕೆಲಸ ಕೊಡುವವರಿಗೂ ಲಾಭವಿದೆ. ಬೇಕಾದ ಕಸುಬಿನವರು ಅಲ್ಲೇ ಸಿಗುತ್ತಾರೆಂದು ಅವರೂ ಅದೇ ನಗರಕ್ಕೆ ಬರುತ್ತಾರೆ. ಹೀಗೆ ಒಂದನ್ನೊಂದು ಎಳೆಯುವುದನ್ನು ಅರ್ಥಶಾಸ್ತ್ರದಲ್ಲಿ ‘ಒಗ್ಗೂಡುವಿಕೆಯ ಲಾಭ’ ಎನ್ನುತ್ತಾರೆ.

ಇನ್ನೊಂದು ಕಾರಣಕ್ಕೆ ‘ಗಿರಾಕಿಗಳ ಕನಿಷ್ಠ ಸಂಖ್ಯೆ’ ಎನ್ನಬಹುದು. ಪ್ರತಿ ಅಂಗಡಿಯೂ ಪ್ರತಿ ಸೇವೆಯೂ ಬದುಕಲು ಇಂತಿಷ್ಟು ಜನ ಬೇಕು. ದಿನಸಿ ಅಂಗಡಿಗೆ ಕೆಲವು ನೂರು ಮನೆ ಸಾಕು, ಅದು ಪೆರ್ಲದಲ್ಲೂ ಇರುತ್ತದೆ. ಮದುವೆಯ ಬಂಗಾರಕ್ಕೆ ಕಾಸರಗೋಡು ಪೇಟೆ ಬೇಕು. ಹೃದಯದ ಶಸ್ತ್ರಚಿಕಿತ್ಸೆ ದಿನವೂ ನಡೆಯಬೇಕಾದರೆ ಲಕ್ಷಾಂತರ ಜನ ಬೇಕು. ಅದಕ್ಕೇ ಕಾಸರಗೋಡಿನ ರೋಗಿಗಳು ರಾಜ್ಯದ ಗಡಿಯಾದ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ಗಡಿ ಮುಚ್ಚಿದಾಗ ಈ ಅವಲಂಬನೆ ಎಷ್ಟು ಗಾಢವೆಂದು ಇಡೀ ಜಿಲ್ಲೆ ಕಂಡಿತು. ವಿಮಾನದ ಬಿಡಿಭಾಗ ವಿನ್ಯಾಸ ಮಾಡುವಂಥ ಕೆಲಸಕ್ಕೆ ಮಂಗಳೂರೂ ಸಣ್ಣದು. 1933ರಲ್ಲಿ ಜರ್ಮನಿಯ ಭೂಗೋಳಜ್ಞ ವಾಲ್ಟರ್ ಕ್ರಿಸ್ಟಾಲರ್ ಊರುಗಳ ಈ ಮೆಟ್ಟಿಲುಸಾಲನ್ನು ಸಿದ್ಧಾಂತವಾಗಿ ವಿವರಿಸಿದರು.

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಸಣ್ಣ ಊರಲ್ಲಿ ಒಬ್ಬರಿಗೆ ಒಳ್ಳೆಯ ಕೆಲಸ ಸಿಕ್ಕರೂ ಇನ್ನೊಬ್ಬರ ವಿದ್ಯೆ ಮೂಲೆಗೆ ಬೀಳಬಹುದು. ತೋಟ ನೋಡಿಕೊಳ್ಳುವ ಹುಡುಗರಿಗೆ ಹೆಣ್ಣು ಸಿಗುವುದಿಲ್ಲ ಎಂಬ ಮಾತು ನಮ್ಮ ಅಡಿಕೆ ಸೀಮೆಯಲ್ಲಿ ವರ್ಷಗಳಿಂದ ಇದೆ. ಓದಿದ ಹುಡುಗಿಯರು ನಗರದ ಸಂಬಂಧ ಬಯಸುವುದಕ್ಕೆ ಶೋಕಿಗಿಂತ ದೊಡ್ಡ ಕಾರಣ, ತಮ್ಮ ಓದಿಗೂ ಅಲ್ಲಿ ಒಂದು ಕೆಲಸ ಇದೆ ಎಂಬುದು. ನಗರದ ಮುಖ್ಯ ಕೊಡುಗೆ ಮೊದಲ ಕೆಲಸದ ಸಂಬಳ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಆ ಕೆಲಸ ಹೋದರೆ ಮನೆ ಬದಲಿಸದೆ ಎರಡನೆಯದು ಸಿಗುತ್ತದೆ ಎಂಬುದೇ ಅದರ ನಿಜವಾದ ಬೆಲೆ.

ಪ್ಯಾಕೇಜ್ ಎಷ್ಟು, ಕೈಗೆ ಬರುವುದೆಷ್ಟು?

‘ವರ್ಷಕ್ಕೆ 4 ಲಕ್ಷದ ಪ್ಯಾಕೇಜ್’ ಎಂದರೆ ಕಂಪೆನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು. ತಿಂಗಳಿಗೆ ಅದು 33,333 ರೂಪಾಯಿ. ಮೂಲವೇತನ ಅದರ ಅರ್ಧ ಎಂದೂ, ಭವಿಷ್ಯನಿಧಿಯನ್ನು (ಪಿಎಫ್) 15,000 ರೂಪಾಯಿಯ ಮಿತಿಗೆ ಲೆಕ್ಕಹಾಕುತ್ತಾರೆಂದೂ ಇಟ್ಟುಕೊಳ್ಳಿ. ಆಗ ಕಂಪೆನಿಯ ಪಾಲಿನ ಪಿಎಫ್ 1,800, ಗ್ರಾಚ್ಯುಟಿಗೆಂದು ತೆಗೆದಿಡುವ ಮೂಲವೇತನದ ಶೇ. 4.81 ಅಂದರೆ ಸುಮಾರು 800, ನಿಮ್ಮ ಪಾಲಿನ ಪಿಎಫ್ 1,800, ಕರ್ನಾಟಕದ ವೃತ್ತಿ ತೆರಿಗೆ 200 ಕಳೆಯುತ್ತದೆ. ಕೈಗೆ ಬರುವುದು ಸುಮಾರು 28,700. ಪಿಎಫ್ ನಿಮ್ಮದೇ ಹಣ, ಆದರೆ ಬಾಡಿಗೆ ಕಟ್ಟಲು ಆಗುವುದಿಲ್ಲ.

ಇದರಲ್ಲಿ ಹಂಚಿಕೊಂಡ ಪಿಜಿ ಕೋಣೆಗೆ ಊಟ ಸೇರಿ 10,000, ಓಡಾಟಕ್ಕೆ 2,500, ಊರಿಗೆ ಬಂದುಹೋಗಲು 2,500, ರಜಾದಿನದ ಊಟ, ಫೋನು, ಬಟ್ಟೆ ಇತ್ಯಾದಿಗೆ 4,000 ಹಿಡಿದರೆ ಉಳಿಯುವುದು ಹತ್ತು ಸಾವಿರದ ಆಸುಪಾಸು. ಕಾಸರಗೋಡಿನಲ್ಲಿ 15,000 ಸಂಬಳಕ್ಕೆ ದುಡಿದು ಮನೆಯಿಂದಲೇ ಓಡಾಡುವವರಿಗೂ ಹೆಚ್ಚುಕಡಿಮೆ ಅಷ್ಟೇ ಉಳಿಯಬಹುದು. ಈ ಅಂಕಿಗಳನ್ನು ಉದಾಹರಣೆಗೆ ಹಿಡಿದದ್ದು, ನಿಮ್ಮ ಅಂಕಿ ಹಾಕಿ ನೋಡಿ. ಮೊದಲ ವರ್ಷ ಎರಡೂ ಕಡೆ ಉಳಿತಾಯ ಸಮವಾಗಿ ಬಂದರೆ ನಗರ ಮೋಸ ಮಾಡಿತು ಎಂದುಕೊಳ್ಳಬೇಡಿ. ನಗರದ ಲಾಭ ಬರುವುದು ಮೂರನೆಯ, ನಾಲ್ಕನೆಯ ವರ್ಷ ಕೆಲಸ ಬದಲಿಸಿ ಸಂಬಳ ಏರಿಸಿಕೊಂಡಾಗ. ಹಾಗೆ ಏರದ ಕೆಲಸಕ್ಕೆ ಬೆಂಗಳೂರಿಗೆ ಹೋಗುವುದರಲ್ಲಿ ಹಣದ ಲಾಭ ಕಡಿಮೆ.

ಬಾಡಿಗೆಯ ವ್ಯತ್ಯಾಸವನ್ನು ಸರ್ಕಾರವೇ ಒಪ್ಪಿಕೊಂಡಿದೆ. 7ನೇ ವೇತನ ಆಯೋಗದ ವ್ಯವಸ್ಥೆಯಲ್ಲಿ, ತುಟ್ಟಿಭತ್ಯೆ ಶೇ. 50 ತಲುಪಿದ 2024ರ ಜನವರಿಯಿಂದ, ಕೇಂದ್ರ ನೌಕರರ ಮನೆಬಾಡಿಗೆ ಭತ್ಯೆ ಎಕ್ಸ್ ವರ್ಗದ ನಗರದಲ್ಲಿ ಶೇ. 30, ವೈ ವರ್ಗದಲ್ಲಿ ಶೇ. 20, ಝಡ್ ವರ್ಗದಲ್ಲಿ ಶೇ. 10. ಬೆಂಗಳೂರು ಎಕ್ಸ್, ಮಂಗಳೂರು ವೈ, ಕಾಸರಗೋಡು ಝಡ್. 35,400 ಮೂಲವೇತನದ ನೌಕರರಿಗೆ ಕ್ರಮವಾಗಿ 10,620, 7,080, 3,540 ರೂಪಾಯಿ. ಖಾಸಗಿ ಕೆಲಸದ ಸಂಬಳ ಹೋಲಿಸುವಾಗಲೂ ಬೆಂಗಳೂರಿನ ಸಂಬಳದಿಂದ ಈ ವ್ಯತ್ಯಾಸವನ್ನಾದರೂ ಮೊದಲೇ ಕಳೆದು ನೋಡಿ.

ಮನೆ ಹಿಡಿಯುವಾಗ ಎಲ್ಲಿ ಎಡವುತ್ತಾರೆ?

ಬೆಂಗಳೂರಿನ ಮನೆಗಳಿಗೆ ಮುಂಗಡ ಕೊಡಬೇಕು. ಹಿಂದೆ ಹತ್ತು ತಿಂಗಳ ಬಾಡಿಗೆಯೇ ರೂಢಿ. ಈಗ ಐದಾರು ತಿಂಗಳಿಗೆ ಒಪ್ಪುವವರು ಹಲವರಿದ್ದಾರೆ. 18,000 ಬಾಡಿಗೆಯ ಮನೆಗೆ ಆರು ತಿಂಗಳ ಮುಂಗಡವೆಂದರೆ 1,08,000. ಅದರ ಜತೆ ಮೊದಲ ತಿಂಗಳ ಬಾಡಿಗೆ, ದಲ್ಲಾಳಿ ಹಿಡಿದರೆ ಅವರ ಕಮಿಷನ್, ಗ್ಯಾಸ್, ಹಾಸಿಗೆ. ಕೆಲಸ ಸೇರಿದ ಮೊದಲ ತಿಂಗಳು ಇಷ್ಟು ಹಣ ಕೈಯಲ್ಲಿರುವುದಿಲ್ಲವಾದ್ದರಿಂದ ಮೊದಲ ಆರು ತಿಂಗಳು ಪಿಜಿಯಲ್ಲಿದ್ದು, ಆಫೀಸು ಎಲ್ಲಿ ಗಟ್ಟಿಯಾಗುತ್ತದೆ ನೋಡಿ ಮನೆ ಹುಡುಕುವುದು ಜಾಣತನ.

ಕರಾರುಪತ್ರ 11 ತಿಂಗಳಿಗೆ ಏಕೆ ಎಂದು ಬಹಳ ಮಂದಿ ಕೇಳುತ್ತಾರೆ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. ಆ ಖರ್ಚು ಉಳಿಸಲು 11 ತಿಂಗಳಿಗೆ ಬರೆದು ಮತ್ತೆ ಮತ್ತೆ ನವೀಕರಿಸುತ್ತಾರೆ. ಸಹಿ ಹಾಕುವ ಮೊದಲು ಮನೆ ಬಿಡಲು ಎಷ್ಟು ತಿಂಗಳ ನೋಟಿಸು, ನವೀಕರಣದಲ್ಲಿ ಬಾಡಿಗೆ ಶೇಕಡಾ ಎಷ್ಟು ಏರುತ್ತದೆ, ಬಿಡುವಾಗ ಬಣ್ಣ ಬಳಿಯಲೆಂದು ಮುಂಗಡದಲ್ಲಿ ಎಷ್ಟು ಹಿಡಿಯುತ್ತಾರೆ ಎಂಬುದನ್ನು ಓದಿಕೊಳ್ಳಿ. ಜಗಳ ಹೆಚ್ಚಾಗಿ ಹುಟ್ಟುವುದು ಈ ಕೊನೆಯದರಿಂದ. ಒಳಹೊಕ್ಕ ದಿನವೇ ಗೋಡೆ, ನಲ್ಲಿ, ಸ್ವಿಚ್‌ಗಳ ಫೋಟೊ ತೆಗೆದು ಮಾಲೀಕರಿಗೆ ವಾಟ್ಸಾಪ್‌ನಲ್ಲಿ ಕಳಿಸಿದರೆ ತಾರೀಖಿನ ಸಮೇತ ದಾಖಲೆ ಉಳಿಯುತ್ತದೆ. ಮುಂಗಡವನ್ನು ನಗದಾಗಿ ಕೊಡಬೇಡಿ, ಬ್ಯಾಂಕಿನ ಮೂಲಕವೇ ಕಳಿಸಿ.

‘ಲೀಸಿಗೆ ಮನೆ’ ಎಂಬ ಫಲಕಗಳೂ ಕಾಣುತ್ತವೆ. ಒಂದು ದೊಡ್ಡ ಮೊತ್ತ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಮೊತ್ತ ವಾಪಸು. ತೋಟದ ಫಸಲಿನ ಹಣವೋ ಭೂಮಿ ಮಾರಿದ ಹಣವೋ ಕೈಯಲ್ಲಿರುವ ಮನೆಯವರಿಗೆ ಇದು ಆಕರ್ಷಕ. ಅಪಾಯವೂ ಇಲ್ಲೇ ಹೆಚ್ಚು. ಮನೆ ಬ್ಯಾಂಕಿಗೆ ಅಡಮಾನವಿದ್ದು ಮಾಲೀಕರು ಕಂತು ಕಟ್ಟದಿದ್ದರೆ ಬ್ಯಾಂಕಿನವರು ನಿಮ್ಮ ಬಾಗಿಲಿಗೆ ಬರುತ್ತಾರೆ. ಮಾಲೀಕರಿಂದ ಬಾಡಿಗೆಗೆ ಪಡೆದ ಮಧ್ಯವರ್ತಿ ಅದನ್ನೇ ನಿಮಗೆ ಲೀಸಿಗೆ ಕೊಟ್ಟು ಕಾಣೆಯಾಗುವುದೂ ಉಂಟು. ಮನೆಯ ಮೇಲೆ ಅಡಮಾನ ಇದೆಯೇ ಎಂದು ತೋರಿಸುವ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ, ಮತ್ತು ಮಾಲೀಕರ ಹೆಸರಿನ ತೆರಿಗೆ ರಸೀದಿ ನೋಡದೆ, ಕರಾರು ನೋಂದಾಯಿಸದೆ ಲೀಸಿಗೆ ಹಣ ಕೊಡಲೇಬಾರದು.

ನೀರಿನ ವಿಷಯ ಕೇಳಿಕೊಳ್ಳಲು ನಮ್ಮ ಕಡೆಯವರು ಮರೆಯುತ್ತಾರೆ. ಬಾವಿ ಅಥವಾ ಮುರಕಲ್ಲು ಕೊರೆದ ಸುರಂಗದ ನೀರಿನ ಅಭ್ಯಾಸವಿದ್ದವರಿಗೆ ನೀರಿಗೂ ಬಿಲ್ಲು ಬರುತ್ತದೆಂಬುದು ಹೊಳೆಯುವುದಿಲ್ಲ. ಬೆಂಗಳೂರಿಗೆ ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಎತ್ತರಕ್ಕೆ ಪಂಪು ಮಾಡಿ ತರುತ್ತಾರೆ. ಕಾವೇರಿ ಸಂಪರ್ಕ ಇದೆಯೇ, ವಾರಕ್ಕೆ ಎಷ್ಟು ದಿನ ಬರುತ್ತದೆ, ಬೋರ್‌ವೆಲ್ ಬತ್ತಿದರೆ ಟ್ಯಾಂಕರಿನ ಖರ್ಚು ಯಾರದು ಎಂಬ ಮೂರು ಪ್ರಶ್ನೆಗಳನ್ನು ಮಾಲೀಕರಿಗೂ ಕೇಳಿ, ಪಕ್ಕದ ಮನೆಯವರಿಗೂ ಕೇಳಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ನಂಬಿದ ಬಡಾವಣೆಗಳೇ ಹೆಚ್ಚು ಕಷ್ಟಪಟ್ಟವು.

ದಾರಿಯಲ್ಲಿ ಕಳೆಯುವ ಸಮಯವೂ ಬಾಡಿಗೆಯ ಭಾಗವೇ. ಅಗ್ಗದ ಮನೆ ಎಂದು ದೂರ ಹೋಗಿ, ಹೋಗಲು ಒಂದೂವರೆ ತಾಸು, ಬರಲು ಒಂದೂವರೆ ತಾಸು ಹಿಡಿದರೆ, 22 ಕೆಲಸದ ದಿನಕ್ಕೆ 66 ತಾಸು. ಎಂಟು ತಾಸಿನ ಎಂಟು ಕೆಲಸದ ದಿನಕ್ಕಿಂತ ಹೆಚ್ಚು. ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಎರಡು ಸಾವಿರ ಹೆಚ್ಚು ಕೊಟ್ಟು ಇರುವುದು ಅನೇಕ ಸಲ ಅಗ್ಗವಾಗಿ ಬೀಳುತ್ತದೆ.

ಗಡಿ ದಾಟಿದರೆ ಯಾವ ಕಾಗದ ಬದಲಾಗಬೇಕು?

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಬಗೆಗಿನ ಮಹಾಜನ ಆಯೋಗ ಹೇಳಿದರೂ ಅದು ಜಾರಿಯಾಗಲಿಲ್ಲ. ಆದ್ದರಿಂದ ಮನೆಮಾತು ಕನ್ನಡವೇ ಆದರೂ ಬೆಂಗಳೂರಿನ ಕಚೇರಿಗಳ ಕಡತದಲ್ಲಿ ನೀವು ಹೊರರಾಜ್ಯದವರು. ಇದು ಎಲ್ಲೆಲ್ಲಿ ತಾಗುತ್ತದೆಂದು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಓದಲು ಹೋಗುವವರಿಗೆ: ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮವಿದೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿದ್ದು ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳಲ್ಲಿ ವಾಸವಿರುವವರು ಅದರಡಿ ಅರ್ಜಿ ಹಾಕಬಹುದು. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳಿಗೂ ಇದೇ ನಿಯಮ. ವಾಸದ ದೃಢಪತ್ರ ಬೇಕು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಮಕ್ಕಳು ಎಡವುವುದು ಎರಡು ಕಡೆ. ಅರ್ಜಿ ತುಂಬುವಾಗ ಸರಿಯಾದ ಅರ್ಹತಾ ಕಾಲಂ ಆರಿಸುವುದಿಲ್ಲ, ಮುಖ್ಯ ಪರೀಕ್ಷೆ ಮುಗಿದ ಖುಷಿಯಲ್ಲಿ ಭಾಷಾ ಪರೀಕ್ಷೆಯನ್ನು ಹಗುರವಾಗಿ ನೋಡುತ್ತಾರೆ. ಪ್ರಾಧಿಕಾರ ಆ ವರ್ಷ ಹೊರಡಿಸಿದ ಮಾಹಿತಿ ಪುಸ್ತಕವನ್ನು ಮೊದಲು ಓದಿ, ಅದರಲ್ಲಿ ಕೊಟ್ಟ ನಮೂನೆಯಲ್ಲೇ ಪ್ರಮಾಣಪತ್ರ ಬೇಕೆಂದು ತಾಲೂಕು ಆಫೀಸಿನಲ್ಲಿ ಕೇಳಿ. ಕೇರಳ ಸರ್ಕಾರದ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದಿಂದ ಅರ್ಜಿ ಹಾಕುವಾಗಲೂ ಆ ನಮೂನೆ ಕೈಯಲ್ಲಿರಲಿ.

ಜಾತಿ ಪ್ರಮಾಣಪತ್ರದ ವಿಷಯ ಗಂಭೀರ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪಟ್ಟಿ ರಾಜ್ಯವಾರು. ಒಂದೇ ಸಮುದಾಯದ ಹೆಸರು ಎರಡೂ ರಾಜ್ಯಗಳ ಪಟ್ಟಿಯಲ್ಲಿದ್ದರೂ, ಕೇರಳದಿಂದ ವಲಸೆ ಹೋದವರಿಗೆ ಕರ್ನಾಟಕ ಸರ್ಕಾರದ ಉದ್ಯೋಗದಲ್ಲಿ ಆ ಮೀಸಲಾತಿ ಸಿಗುವುದಿಲ್ಲ. ಸುಪ್ರೀಂ ಕೋರ್ಟು 1990ರಲ್ಲೂ 2018ರಲ್ಲೂ ಈ ತತ್ವವನ್ನು ಎತ್ತಿಹಿಡಿದಿದೆ. ಕೇಂದ್ರ ಸರ್ಕಾರದ ಹುದ್ದೆಗಳಿಗೆ ಮೂಲ ರಾಜ್ಯದ ಪ್ರಮಾಣಪತ್ರ ನಡೆಯುತ್ತದೆ. ಹೀಗಾಗಿ ಕೇರಳದ ದಾಖಲೆಗಳನ್ನು ಜೋಪಾನವಾಗಿಡಿ.

ಪಡಿತರಕ್ಕೆ ಕೇರಳದಲ್ಲಿ ಆದ್ಯತಾ ಕುಟುಂಬಗಳಿಗೆ ಕೊಡುವ ಹಳದಿ ಮತ್ತು ಗುಲಾಬಿ ಕಾರ್ಡಿನವರು ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. ಮನೆಯವರು ಊರಲ್ಲಿ ಉಳಿದದ್ದನ್ನು ಪಡೆಯುತ್ತಾರೆ. ಆದ್ಯತೆಯಿಲ್ಲದ ನೀಲಿ, ಬಿಳಿ ಕಾರ್ಡುಗಳಿಗೆ ಈ ಸೌಲಭ್ಯವಿಲ್ಲ. ಕರ್ನಾಟಕದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ರಾಜ್ಯದ ನಿವಾಸಿ ಮಹಿಳೆಯರಿಗೆ ಮಾತ್ರ. ಕೇರಳ ವಿಳಾಸದ ಆಧಾರ್ ತೋರಿಸಿದರೆ ಟಿಕೆಟ್ ತೆಗೆಯಬೇಕಾಗುತ್ತದೆ. ವಿಳಾಸ ಬದಲಿಸಿದರೂ ಅಂತರರಾಜ್ಯ ಬಸ್ಸಿನಲ್ಲಿ ಅದು ಅನ್ವಯಿಸುವುದಿಲ್ಲ.

ಮತದಾರರ ಪಟ್ಟಿಯಲ್ಲಿ ಹೆಸರು ವರ್ಗಾಯಿಸಲು ಫಾರಂ 8. ಹೊಸ ಮತದಾರರ ಫಾರಂ 6 ತುಂಬಿದರೆ ಎರಡು ಕಡೆ ಹೆಸರು ಬಂದು ಕಾನೂನಿನ ತೊಡಕಾಗುತ್ತದೆ.

ವಾಹನ ಒಯ್ಯುವವರು ಇದನ್ನು ಗಮನವಿಟ್ಟು ಓದಿ. ಕಾಸರಗೋಡಿನ ಕೆಎಲ್ 14 ನಂಬರಿನ ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿನ ನಂಬರು ಪಡೆಯಬೇಕು. ಮೊದಲು ಕಾಸರಗೋಡು ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ), ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ. ಆಮೇಲೆ ಬೆಂಗಳೂರಿನ ಆರ್‌ಟಿಒದಲ್ಲಿ ಫಾರಂ 27, ವಾಹನದ ತಪಾಸಣೆ, ಗಾಡಿಯ ಬೆಲೆ ಮತ್ತು ವಯಸ್ಸಿಗೆ ತಕ್ಕ ತೆರಿಗೆ. ಅಲ್ಲಿ ತೆರಿಗೆ ಕಟ್ಟಿದ ರಸೀದಿ ತೋರಿಸಿ ಕೇರಳದಲ್ಲಿ ಮೊದಲೇ ಕಟ್ಟಿದ ತೆರಿಗೆಯ ಉಳಿದ ಅವಧಿಯ ಪಾಲನ್ನು ವಾಪಸು ಕೇಳಬಹುದು. ಈ ಕೊನೆಯ ಅರ್ಜಿಯನ್ನು ಬಹಳ ಮಂದಿ ಹಾಕುವುದೇ ಇಲ್ಲ. ಹಳೆಯ ಕಾರಾದರೆ ಒಯ್ಯುವ ಮೊದಲು ತೆರಿಗೆ ಎಷ್ಟೆಂದು ವಿಚಾರಿಸಿ, ಊರಲ್ಲೇ ಮಾರುವುದು ಮೇಲಾಗಬಹುದು. ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಕಂಪೆನಿಯ ನೌಕರರು ಹೊಸ ಗಾಡಿಗೆ 2021ರಲ್ಲಿ ಬಂದ, ರಾಜ್ಯ ಬದಲಾದರೂ ನಡೆಯುವ ಬಿಎಚ್ ಸರಣಿಯ ನಂಬರು ಪಡೆದರೆ ಈ ಓಡಾಟವೇ ತಪ್ಪುತ್ತದೆ.

ಮಂಗಳೂರೆಂಬ ನಡುದಾರಿ, ಊರಲ್ಲೇ ಇರುವ ಕೆಲಸ

ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ಮಂಗಳೂರು ದಿನಾ ಹೋಗಿಬರುವ ದೂರ. ಕಾಸರಗೋಡಿನಿಂದಲೂ ಸುಮಾರು 50 ಕಿಲೋಮೀಟರ್. ರೈಲಿನ ತಿಂಗಳ ಸೀಸನ್ ಟಿಕೆಟ್ 150 ಕಿಲೋಮೀಟರ್ ದೂರದವರೆಗೂ ಸಿಗುತ್ತದೆ, ಬಸ್ಸಿಗಿಂತ ಬಹಳ ಅಗ್ಗ. ಬಾಡಿಗೆ ಇಲ್ಲ, ವಿಳಾಸ ಬದಲಾಗುವುದಿಲ್ಲ. ರಾತ್ರಿ ಊರಿಗೆ ಮರಳುವ ಗಾಡಿ ಕರ್ನಾಟಕದಲ್ಲಿ ‘ಇಟ್ಟುಕೊಂಡ’ ಗಾಡಿಯೂ ಆಗುವುದಿಲ್ಲ. ಆಸ್ಪತ್ರೆ, ಬ್ಯಾಂಕು, ಕಾಲೇಜು, ಲೆಕ್ಕಪತ್ರದ ಕೆಲಸಗಳಿಗೆ ಈ ದಾರಿಯನ್ನು ಬೆಂಗಳೂರಿಗಿಂತ ಮೊದಲು ನೋಡಬೇಕು. ಸಾಫ್ಟ್‌ವೇರ್, ವಿನ್ಯಾಸ, ಸಂಶೋಧನೆಯಂಥ ಕೆಲಸದಲ್ಲಿ ಮಂಗಳೂರಿನ ಅವಕಾಶ ಬೇಗ ಮುಗಿಯುತ್ತದೆ.

ಕಾಸರಗೋಡಿನಲ್ಲಿ ಮಾತ್ರ ಸಿಗುವ ಕೆಲಸಗಳೂ ಇವೆ. ಕನ್ನಡ ಮಲಯಾಳ ಎರಡೂ ಬಲ್ಲ ಕ್ಲರ್ಕು ಹುದ್ದೆಗಳಿಗೆ, ಕನ್ನಡ ಮಾಧ್ಯಮದ ಶಿಕ್ಷಕರ ಹುದ್ದೆಗಳಿಗೆ ಕೇರಳ ಲೋಕಸೇವಾ ಆಯೋಗ (ಪಿಎಸ್‌ಸಿ) ಪ್ರತ್ಯೇಕ ಅಧಿಸೂಚನೆ ಹೊರಡಿಸುತ್ತದೆ. ಎರಡು ಭಾಷೆ ಕಲಿತ ನಮ್ಮ ಮಕ್ಕಳ ನೈಪುಣ್ಯಕ್ಕೆ ಬೆಂಗಳೂರಿನಲ್ಲಿ ಈ ಬೆಲೆ ಇಲ್ಲ. ನಗರಕ್ಕೆ ಹೋದ ಮೇಲೂ ಪಿಎಸ್‌ಸಿಯ ಆನ್‌ಲೈನ್ ನೋಂದಣಿಯಾದ ‘ತುಳಸಿ’ ಪ್ರೊಫೈಲನ್ನು ಜೀವಂತವಾಗಿಟ್ಟು ಅಧಿಸೂಚನೆ ನೋಡುತ್ತಿರಬೇಕು. ವಯೋಮಿತಿ ದಾಟಿದ ಮೇಲೆ ಊರು ನೆನಪಾದರೆ ಆ ಬಾಗಿಲು ಮುಚ್ಚಿರುತ್ತದೆ.

ಊರಿಗೆ ಬಂದುಹೋಗುವುದು

ಬೆಂಗಳೂರಿನಿಂದ ಕಾಸರಗೋಡಿಗೆ ರಾತ್ರಿಯ ಕಣ್ಣೂರು ರೈಲು ಇದೆ, ಎರಡೂ ರಾಜ್ಯಗಳ ಸಾರಿಗೆ ಬಸ್ಸುಗಳಿವೆ, ಖಾಸಗಿ ಬಸ್ಸುಗಳಿವೆ. ವಿಷು, ಓಣಂ, ದೀಪಾವಳಿಗೆ ಖಾಸಗಿ ಬಸ್ಸಿನ ದರ ಬೇಡಿಕೆಗೆ ತಕ್ಕಂತೆ ಏರುತ್ತದೆ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರಿನಿಂದ 60 ದಿನ ಮೊದಲು ತೆರೆಯುತ್ತದೆ. ಹಬ್ಬಕ್ಕೆ ಹೊರಡುವ ದಿನದಿಂದ 60 ದಿನ ಹಿಂದಕ್ಕೆ ಎಣಿಸಿ ಆ ಬೆಳಿಗ್ಗೆಯೇ ಟಿಕೆಟ್ ತೆಗೆಯಿರಿ. ತತ್ಕಾಲ್ ಹಿಂದಿನ ದಿನ ತೆರೆಯುತ್ತದೆ, ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ.

ಮಳೆಗಾಲದಲ್ಲಿ ಲೆಕ್ಕ ಬೇರೆ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ರೈಲು ಹಳಿ, ಶಿರಾಡಿ ಘಾಟಿ, ಸಂಪಾಜೆ ಘಾಟಿ ಮೂರೂ ಪಶ್ಚಿಮಘಟ್ಟದ ಕುಸಿಯುವ ಮಣ್ಣಿನ ಮೇಲಿವೆ. 2018ರ ಆಗಸ್ಟಿನಲ್ಲಿ ಭೂಕುಸಿತದಿಂದ ಈ ದಾರಿಗಳು ಕಡಿದುಹೋಗಿದ್ದವು. ಆಗ ಉಳಿಯುವುದು ಚಾರ್ಮಾಡಿಯಂಥ ಸುತ್ತುದಾರಿ, ಅದೂ ತೆರೆದಿದ್ದರೆ. ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇರುವ ಮನೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ‘ರಾತ್ರಿ ಹೊರಟರೆ ಬೆಳಿಗ್ಗೆ ತಲಪುತ್ತೇನೆ’ ಎಂದು ನಂಬಿಕೊಳ್ಳಬಾರದು. ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬಲ್ಲ ನೆರೆಯವರ, ಆಂಬುಲೆನ್ಸಿನ ನಂಬರುಗಳನ್ನು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಆರೋಗ್ಯ ವಿಮೆ ಮಾಡಿಸುವಾಗ ಆ ಪಾಲಿಸಿ ಗಡಿಯಾಚೆಯ ಮಂಗಳೂರಿನ ಯಾವ ಆಸ್ಪತ್ರೆಗಳಲ್ಲಿ ನಗದುರಹಿತವಾಗಿ ನಡೆಯುತ್ತದೆಂಬ ಪಟ್ಟಿಯನ್ನು ಕೇಳಿ ಪಡೆಯಿರಿ.